ಅಂಗಳದಲ್ಲಿ ಬಿಚ್ಚಿದ ಲಾರಿ ಇಂಜಿನ್

ನಮ್ಮ ಸಂಘದ ಯುವಮಿತ್ರರಲ್ಲಿ ಇಂಜಿನಿಯರಿಂಗ್ ಓದಿದವರಿಗೆ ಬರವಿಲ್ಲ. ಆದರೆ ಲಾರಿಯ ಪಿಸ್ಟನ್ನನ್ನು ಕೈಯಲ್ಲಿ ಹಿಡಿದು ನೋಡಿದವರು ಎಷ್ಟು ಮಂದಿ ಎಂದು ಯುಗಾದಿಯ ಊಟದ ಪಂಕ್ತಿಯಲ್ಲಿ ಕೇಳಿದಾಗ ಒಂದೇ ಒಂದು ಕೈ ಮೇಲೆದ್ದಿತು. ಅದೂ ಹೋಳಿಗೆಗೆ ತುಪ್ಪ ಕೇಳಲು! ಅಂದೇ ಈ ಲೇಖನ ಬರೆಯಬೇಕೆಂದು ನಿಶ್ಚಯಿಸಿದೆ.

1988ರ ಬೇಸಿಗೆ. ನಾನು ಹತ್ತನೆಯ ತರಗತಿಯ ಪರೀಕ್ಷೆ ಮುಗಿಸಿದ್ದೆ. ಆಗ ಅತ್ತಾಪುರ ಎಂದರೆ ಊರ ಹೊರಗೆ; ಮನೆಯ ಮುಂದೆ ಲಾರಿ ನಿಲ್ಲಿಸುವಷ್ಟು ಅಂಗಳವಿತ್ತು. ಅಪ್ಪನದು ಹಳೆಯ ಟಾಟಾ 1210. ಶಹಾಬಾದಿನಲ್ಲಿ ಹಾಸುಗಲ್ಲು ತುಂಬಿಕೊಂಡು ಕಲಬುರ್ಗಿ, ಹುಮನಾಬಾದ, ಜಹೀರಾಬಾದ ದಾಟಿ ಹೈದರಾಬಾದಿಗೆ ತಂದು ಇಳಿಸುವುದು ಅವರ ಕಾಯಕ. ಈ ಊರಿನ ಹಳೆಯ ಮನೆಗಳಲ್ಲಿ ನಾವು ಓಡಾಡಿದ ನೆಲ ಎಷ್ಟೋ ಕಡೆ ಆ ಕಲ್ಲಿನದೇ.

ಆ ವರ್ಷ ಲಾರಿ ಎಣ್ಣೆ ಕುಡಿಯತೊಡಗಿತು. ಬೆಳಿಗ್ಗೆ ಸ್ಟಾರ್ಟ್ ಆಗಲು ಹಠ, ಏರಿನಲ್ಲಿ ನಿಶ್ಶಕ್ತಿ, ಹಿಂದೆ ನೀಲಿ ಹೊಗೆ. ಹೊಗೆಗೂ ಒಂದು ಭಾಷೆಯಿದೆ. ಕಪ್ಪಗಿದ್ದರೆ ಇರುವ ಗಾಳಿಗೆ ಡೀಸೆಲ್ ಜಾಸ್ತಿಯಾಗಿದೆ. ಬಿಸಿ ಇಂಜಿನಿನಲ್ಲೂ ಬಿಳಿ ಹೊಗೆ ಬಿಡದೆ ಬರುತ್ತಿದ್ದರೆ ಡೀಸೆಲ್ ಸರಿಯಾಗಿ ಹೊತ್ತುತ್ತಿಲ್ಲ, ಇಲ್ಲವೇ ನೀರು ಒಳಗೆ ಸೇರಿದೆ. ನೀಲಿಯಾಗಿದ್ದರೆ ಇಂಜಿನ್ ಎಣ್ಣೆಯೇ ಉರಿಯುತ್ತಿದೆ. ವರ್ಕ್‌ಶಾಪಿನವರು ನೋಡಿ 'ಫುಲ್ ಇಂಜಿನ್' ಎಂದರು. ಬರಿ ಪಿಸ್ಟನ್, ರಿಂಗು, ಹೆಡ್ಡಿನ ಕೆಲಸವಾದರೆ 'ಹಾಫ್'. ಕ್ರ್ಯಾಂಕ್ ಕೂಡ ಇಳಿಸಬೇಕಾದರೆ 'ಫುಲ್'. ಅವರು ಹೇಳಿದ ಮೊತ್ತ ಕೇಳಿ ಅಪ್ಪ ಎದ್ದು ಬಂದರು. ಫೈನಾನ್ಸಿನ ಎರಡು ಕಂತು ಆಗಲೇ ಬಾಕಿ ಇತ್ತು. ಮೂರನೆಯದೂ ತಪ್ಪಿದರೆ ಲಾರಿ ಎಳೆದೊಯ್ಯುತ್ತಾರೆ, ಅಪ್ಪ ಮತ್ತೆ ಯಾರದೋ ಗಾಡಿಗೆ ಡ್ರೈವರ್ ಆಗಬೇಕು. ಉಳಿದದ್ದು ಒಂದೇ ದಾರಿ: ಇಂಜಿನ್ನನ್ನು ಮನೆಯಲ್ಲೇ ಇಳಿಸುವುದು.

ನಮ್ಮ ಓಣಿಯಲ್ಲಿ ಬೀದರ ಕಡೆಯ ಒಬ್ಬ ಹಿರಿಯರಿದ್ದರು, ಆರ್.ಟಿ.ಸಿ. ವರ್ಕ್‌ಶಾಪಿನಿಂದ ನಿವೃತ್ತರಾದವರು. ಎಲ್ಲರ ಬಾಯಲ್ಲೂ ಅವರು ಉಸ್ತಾದ್. ನಿಮಗೆ ಇಲ್ಲಿ ಒಂದು ಮಾತು ಹೇಳಬೇಕು. ಈ ಊರಿನ ಸರ್ಕಾರಿ ಬಸ್ಸು ಹುಟ್ಟಿದ್ದು 1932ರಲ್ಲಿ, ನಿಜಾಮರ ರೈಲ್ವೆಯ ಒಂದು ಇಲಾಖೆಯಾಗಿ, 27 ಬಸ್ಸುಗಳೊಂದಿಗೆ. ಬೀದರ, ಕಲಬುರ್ಗಿ, ರಾಯಚೂರಿನವರಿಗೆ ಆಗ ಹೈದರಾಬಾದೇ ರಾಜಧಾನಿ. ಕೆಲಸ ಹುಡುಕಿ ಇಲ್ಲಿಗೆ ಬಂದ ನಮ್ಮ ಹಿರಿಯರು ಪರನಾಡಿಗೆ ಬಂದವರಲ್ಲ. 1956ರ ನವೆಂಬರ್ 1ರಂದು ಗಡಿ ಸರಿಯಿತು. ಇವರು ಕುಳಿತಲ್ಲೇ ಹೊರನಾಡ ಕನ್ನಡಿಗರಾದರು!

ಇಂಜಿನಿನ ತೂಕ ಸುಮಾರು ನಾಲ್ಕು ಕ್ವಿಂಟಲ್. ಬೇವಿನ ಕೊಂಬೆಗೆ ಕಟ್ಟಿ ಎತ್ತೋಣವೆಂದು ನಾನು ಜಾಣತನ ತೋರಿಸಿದೆ. ಉಸ್ತಾದರು ನನ್ನನ್ನೊಮ್ಮೆ ನೋಡಿ, ದಪ್ಪ ಕಬ್ಬಿಣದ ಪೈಪುಗಳ ಮೂರುಕಾಲು ನಿಲ್ಲಿಸಿ ಚೈನ್ ಪುಲ್ಲಿ ತೂಗುಹಾಕಿಸಿದರು. ಇಂಜಿನ್ ಕೆಳಗಿಳಿದ ಮೇಲೂ ಪಾನಾ ಮುಟ್ಟಗೊಡಲಿಲ್ಲ.

"ನಿಂದರು. ಇದು ಯಾಕ ಸತ್ತದ ಅನ್ನೂದು ಮೊದಲ ಗೊತ್ತಾಗಲಿ. ಆಮ್ಯಾಲ ಜೀವಾ ಕೊಡೂಣು" ಎಂದರು.

ಅಪ್ಪನಿಗೆ ಅಸಹನೆ. ಇಂಜಿನಿಗೆ ವಯಸ್ಸಾಗಿದೆ, ಸವೆದಿದೆ, ಇನ್ನೇನು ತನಿಖೆ? ಆದರೂ ಉಸ್ತಾದರು ಹೆಡ್ ತೆಗೆಸಿ ನನ್ನ ಬೆರಳನ್ನು ಸಿಲಿಂಡರಿನೊಳಗೆ ಆಡಿಸಿದರು. ಮೇಲಂಚಿನ ಸ್ವಲ್ಪ ಕೆಳಗೆ ಉಗುರು ಸಿಕ್ಕಿಕೊಳ್ಳುವಂಥ ಮೆಟ್ಟಿಲು. ರಿಂಗು ತಿರುಗಿ ಬರುವ ಜಾಗದಲ್ಲಿ ಸವೆತ ಹೆಚ್ಚು, ಕೆಳಗೆ ಕಡಿಮೆ. ಬೋರ್ ಗೇಜ್ ಇಳಿಸಿ ನೋಡಿದರೆ ಆರೂ ಸಿಲಿಂಡರಿನ ಮೇಲ್ಭಾಗ ಕಾಲು ಮಿಲಿಮೀಟರಿಗೂ ಮೀರಿ ತಿಂದುಹೋಗಿತ್ತು. ಕೆಳಗೆ ಬೇರಿಂಗುಗಳು ಅಷ್ಟು ಕೆಟ್ಟಿರಲಿಲ್ಲ. ಎಣ್ಣೆಯ ದೋಷವಾಗಿದ್ದರೆ ಮೊದಲು ಹಾಳಾಗಬೇಕಾದದ್ದು ಬೇರಿಂಗು. ಮೇಲಿನಿಂದ ಸವೆದಿದೆ ಎಂದರೆ ಶತ್ರು ಗಾಳಿಯ ಜೊತೆ ಬಂದಿದ್ದಾನೆ. ಉಸ್ತಾದರು ಏರ್ ಫಿಲ್ಟರಿನಿಂದ ಇಂಜಿನಿಗೆ ಹೋಗುವ ರಬ್ಬರ್ ಹೋಸನ್ನು ಬಿಚ್ಚಿ ಬಗ್ಗಿಸಿದರು. ಕ್ಲಿಪ್ಪಿನ ಕೆಳಗೆ ಹೆಬ್ಬೆರಳುದ್ದದ ಸೀಳು ಬಾಯಿ ತೆರೆಯಿತು. ಕಲ್ಲುಗಣಿಯ ಧೂಳು ಫಿಲ್ಟರನ್ನು ಬಳಸಿಕೊಂಡು ನೇರ ಒಳಗೆ ಹೋಗುತ್ತಿತ್ತು. ಪ್ರತಿ ವಾರ ಫಿಲ್ಟರಿನ ಎಣ್ಣೆ ಬದಲಿಸುತ್ತಿದ್ದ ಅಪ್ಪ ಆ ಹೋಸನ್ನು ಹಿಡಿದುಕೊಂಡು ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. ಅದನ್ನು ನೋಡದೆ ಹೊಸ ಪಿಸ್ಟನ್ ಹಾಕಿದ್ದರೆ ಇನ್ನೊಂದು ವರ್ಷಕ್ಕೆ ಮತ್ತೆ ಅದೇ ಕಥೆ.

ಈಗ ಯಂತ್ರದ ವಿಚಾರ. ಡೀಸೆಲ್ ಇಂಜಿನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪು ಬಿಸಿಯಾಗುತ್ತದಲ್ಲ, ಅದೇ ತತ್ತ್ವ. ಗಾಳಿಯನ್ನು ಹದಿನಾರು ಹದಿನೇಳು ಪಾಲು ಒತ್ತಿದರೆ ಅದು 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅದರೊಳಗೆ ಸಿಂಪಡಿಸಿದ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ರುಡಾಲ್ಫ್ ಡೀಸೆಲ್ 1897ರಲ್ಲಿ ಮಾಡಿ ತೋರಿಸಿದ್ದು ಇದನ್ನೇ. ರಿಂಗಿನ ಸಂದಿಯಲ್ಲಿ ಗಾಳಿ ಸೋರಿದರೆ ಶಾಖವಿಲ್ಲ, ಶಾಖವಿಲ್ಲದಿದ್ದರೆ ಸ್ಟಾರ್ಟಿಲ್ಲ. ನಮ್ಮ ಲಾರಿಯ ಬೆಳಗಿನ ಹಠಕ್ಕೆ ಕಾರಣ ಅಷ್ಟೇ. ಟೆಲ್ಕೊ 1954ರಲ್ಲಿ ಡೈಮ್ಲರ್-ಬೆಂಜ್ ಜೊತೆ ಮಾಡಿಕೊಂಡ ಹದಿನೈದು ವರ್ಷದ ಒಪ್ಪಂದದ ಮೂಲಕ ಇಂಥ ಇಂಜಿನುಗಳು ನಮ್ಮ ರಸ್ತೆಗೆ ಬಂದವು. ನಮ್ಮದರ ಹೆಸರು 692: ಸಿಲಿಂಡರ್ ಆರು, ಅಗಲ 92 ಮಿಲಿಮೀಟರ್.

ಮನೆಯಲ್ಲಿ ಇಂಜಿನ್ ಕಟ್ಟುವುದೆಂದರೆ ಎಲ್ಲವನ್ನೂ ಮನೆಯಲ್ಲೇ ಮಾಡುವುದೆಂದಲ್ಲ. ಹೊಸ ಲೈನರ್ ಕೂರಿಸಿ ಬೋರ್ ಮಾಡಲು ಬ್ಲಾಕು, ಗ್ರೈಂಡಿಂಗಿಗೆ ಕ್ರ್ಯಾಂಕು ಹೊರಗೆ ಹೋದವು. ಪಿಸ್ಟನ್, ರಿಂಗು, ಗ್ಯಾಸ್ಕೆಟ್ ರಾಣಿಗಂಜಿನಿಂದ ಬಂದವು. ಡೀಸೆಲ್ ಪಂಪನ್ನಂತೂ ಉಸ್ತಾದರು ಸ್ವತಃ ಬಿಚ್ಚಲಿಲ್ಲ, ಪಂಪಿನ ಕೆಲಸದವರಿಗೇ ಕಳಿಸಿದರು. ಅದರ ಪ್ಲಂಜರಿಗೂ ಕವಚಕ್ಕೂ ನಡುವಿನ ಸಂದು ಎರಡು ಮೂರು ಮೈಕ್ರಾನ್. ತಲೆಗೂದಲಿನ ದಪ್ಪ ಅದರ ಇಪ್ಪತ್ತು ಪಟ್ಟಿಗೂ ಹೆಚ್ಚು. ಅಂಥ ಪಂಪುಗಳನ್ನು ನಮ್ಮ ದೇಶದಲ್ಲಿ ತಯಾರಿಸಲೆಂದು 1951ರಲ್ಲಿ ಆರಂಭವಾದ ಮೈಕೋ ಕಂಪನಿಯ ಕಾರ್ಖಾನೆ ಇದ್ದದ್ದು ಬೆಂಗಳೂರಿನ ಆಡುಗೋಡಿಯಲ್ಲಿ. 2008ರಲ್ಲಿ ಅದರ ಹೆಸರು ಬಾಷ್ ಎಂದಾಯಿತು. ನೋಜಲಿನ ವಿಷಯದಲ್ಲಿ ಮಾತ್ರ ಉಸ್ತಾದರು ಕಣ್ಣು ಕೆಂಪಗೆ ಮಾಡಿ ಎಚ್ಚರಿಸಿದ್ದರು: ಪರೀಕ್ಷಿಸುವಾಗ ಸಿಂಪರಣೆಗೆ ಬೆರಳು ಒಡ್ಡಬಾರದು. ಆ ಒತ್ತಡಕ್ಕೆ ಡೀಸೆಲ್ ಚರ್ಮ ಸೀಳಿ ಒಳಗಿಳಿಯುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ಬೆರಳೇ ಹೋಗಬಹುದು.

ನನ್ನ ಪಾಲಿಗೆ ಬಂದದ್ದು ತೊಳೆಯುವ ಕೆಲಸ. ಸೀಮೆಎಣ್ಣೆಯ ಬುಟ್ಟಿಯಲ್ಲಿ ಮೂರು ದಿನ. ಹೋನ್ ಮಾಡಿಸಿ ತಂದ ಸಿಲಿಂಡರನ್ನು ಸೋಪುನೀರಿನಲ್ಲಿ ಉಜ್ಜಿ, ಬಿಳಿ ಬಟ್ಟೆಗೆ ಬೂದಿ ಬಣ್ಣ ಹತ್ತದ ತನಕ ಒರೆಸಬೇಕು. ಅವ್ವನ ಹಳೆಯ ಸೀರೆಯೊಂದು ಹಾಗೆ ಮುಗಿಯಿತು. ಅದಕ್ಕಾಗಿ ಅವ್ವ ಇಂದಿಗೂ ನನ್ನನ್ನು ಕ್ಷಮಿಸಿಲ್ಲ.

ತೊಳೆಯುವ ಭರದಲ್ಲೇ ನಾನು ಎಡವಿದ್ದು. ಕನೆಕ್ಟಿಂಗ್ ರಾಡಿನ ಕೆಳತುದಿಗೆ ಒಂದು ಕ್ಯಾಪ್ ಇರುತ್ತದೆ. ರಾಡು, ಕ್ಯಾಪು ಎರಡನ್ನೂ ಜೋಡಿಸಿಯೇ ತೂತು ಕೊರೆದಿರುವುದರಿಂದ ಒಂದರ ಕ್ಯಾಪ್ ಇನ್ನೊಂದಕ್ಕೆ ಆಗದು. ಅದಕ್ಕೇ ಎರಡರ ಮೇಲೂ ನಂಬರ್ ಇರುತ್ತದೆ. ನಾನು ಮೂರು ನಾಲ್ಕನ್ನು ಅದಲುಬದಲು ಮಾಡಿಟ್ಟಿದ್ದೆ. ಬೋಲ್ಟ್ ಬಿಗಿದಂತೆ ಕ್ರ್ಯಾಂಕ್ ಕಚ್ಚಿಕೊಂಡಿತು. ಕಂತಿಗೆ ಐದೇ ದಿನ ಉಳಿದಿತ್ತು. ಅಪ್ಪ ಬೈಯಲು ಬಾಯಿ ತೆರೆಯುವಷ್ಟರಲ್ಲಿ ಉಸ್ತಾದರು, "ಅವ ಬಿಚ್ಚಲಿ ಬಿಡಪಾ. ಅವನೇ ಹುಡುಕ್ತಾನ" ಎಂದು ಚಹಾ ಕುಡಿಯಲು ಹೊರಟೇಬಿಟ್ಟರು. ಒಂದೊಂದೇ ಕ್ಯಾಪ್ ಸಡಿಲಿಸಿ ಕ್ರ್ಯಾಂಕ್ ತಿರುಗಿಸಿ ನೋಡುತ್ತಾ ಹೋದೆ. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಕತ್ತಲಾಗಿತ್ತು. ಬ್ಯಾಟರಿ ಬೆಳಕಿನಲ್ಲಿ ನಂಬರ್ ಕಂಡಿತು. ಬೇರಿಂಗಿಗೆ ಗೀರು ಬಿದ್ದಿರಲಿಲ್ಲ, ಪುಣ್ಯ.

ಉಳಿದದ್ದು ಸಲೀಸಾಗಿ ಸಾಗಿತು. ರಿಂಗುಗಳ ಬಾಯಿ ಒಂದರ ಕೆಳಗೊಂದು ಬಾರದಂತೆ ತಿರುಗಿಸುವುದು, ಟೈಮಿಂಗ್ ಗೇರಿನ ಚುಕ್ಕೆಗಳನ್ನು ಕೂಡಿಸುವುದು, ಹೆಡ್ಡಿನ ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ ಮೂರು ಸುತ್ತಿನಲ್ಲಿ ಬಿಗಿಯುವುದು. ಟ್ಯಾಪೆಟ್ ಸಂದು ಒಳವಾಲ್ವಿಗೆ 0.20, ಹೊರವಾಲ್ವಿಗೆ 0.30 ಮಿಲಿಮೀಟರ್. ಮೊದಲು ಸ್ಟಾಪ್ ಗುಬ್ಬಿ ಎಳೆದು ಹಿಡಿದು, ಡೀಸೆಲ್ ಕೊಡದೆ, ಎಣ್ಣೆಯ ಮುಳ್ಳು ಏಳುವವರೆಗೆ ಸೆಲ್ಫ್ ಹೊಡೆದೆವು. ಆಮೇಲೆ ಗುಬ್ಬಿ ಬಿಟ್ಟರು. 1-5-3-6-2-4 ಕ್ರಮದಲ್ಲಿ ಇಂಜಿನ್ ಮಾತಾಡಿತು. ಓಣಿಯವರೆಲ್ಲ ಹೊರಗೆ ಬಂದರು.

ಒಂದು ವಿಷಯದಲ್ಲಿ ಮಾತ್ರ ಉಸ್ತಾದರ ಜೊತೆ ನನಗೆ ಇಂದು ಭಿನ್ನಾಭಿಪ್ರಾಯ. ಅವರು ಹೊಸ ಇಂಜಿನ್ನನ್ನು ರಾತ್ರಿಯಿಡೀ ನಿಧಾನವಾಗಿ ಓಡಿಸಿ ಬಿಟ್ಟರು. ಅಂದಿನ ವಾಡಿಕೆ ಅದು. ಹಾಗೆ ಮಾಡಿದರೆ ರಿಂಗಿಗೆ ಒತ್ತಡ ಸಾಲದೆ ಸಿಲಿಂಡರಿನ ಗೋಡೆ ಗಾಜಿನಂತೆ ನುಣುಪಾಗಿ, ಎಣ್ಣೆ ಉರಿಯುವುದು ನಿಲ್ಲದು. ಬಿಸಿಯಾದ ಕೂಡಲೇ ಹದವಾದ ಭಾರ ಹಾಕಿ ರಸ್ತೆಗಿಳಿಸುವುದೇ ಸರಿ. ನಮ್ಮದು ಹೇಗೋ ಪಾರಾಯಿತು.

ನಿಮ್ಮಲ್ಲಿ ಯಾರಿಗಾದರೂ ಕೈ ತುರಿಸಿದರೆ ಈಗಿನ ಲಾರಿಯನ್ನು ಮುಟ್ಟಬೇಡಿ. 2020ರ ಏಪ್ರಿಲಿನಿಂದ ಬಂದ ಬಿ.ಎಸ್. 6 ಇಂಜಿನುಗಳಲ್ಲಿ ಡೀಸೆಲಿನ ಒತ್ತಡ ಅಂದಿಗಿಂತ ಎಷ್ಟೋ ಪಟ್ಟು ಹೆಚ್ಚು, ಅದನ್ನು ಆಳುವುದು ಕಂಪ್ಯೂಟರು. ಗುಜರಿಯಿಂದ ಒಂದು ಹಳೆಯ ಇಂಜಿನ್ ತನ್ನಿ. ಪಿಸ್ಟನ್, ರಾಡು, ಕ್ರ್ಯಾಂಕಿನ ಸಂಸಾರ ಅಂದಿನದೇ ಇಂದಿಗೂ.

ಮೂರನೆಯ ಕಂತನ್ನು ಗಡುವಿನ ದಿನವೇ ಕಟ್ಟಿದೆವು, ಬಾಡಿಗೆಯ ಮುಂಗಡ ಪಡೆದು. ಲಾರಿ ಇನ್ನೂ ಎಂಟು ವರ್ಷ ನಮ್ಮಲ್ಲಿತ್ತು. ಮಾರುವ ದಿನ ಕೊಳ್ಳಲು ಬಂದವರು ಟೈರು ಒದ್ದು ನೋಡಿದರು, ಇಂಜಿನಿನ ಸದ್ದಿಗೆ ಕಿವಿಗೊಟ್ಟರು. ಅಪ್ಪ ಬಾನೆಟ್ ಎತ್ತಿ, ಅವರು ಕೇಳದಿದ್ದರೂ, ರಬ್ಬರ್ ಹೋಸನ್ನು ಬಗ್ಗಿಸಿ ತೋರಿಸಿದರು.