ಸಂಬಳ ಬಿಟ್ಟುಕೊಟ್ಟು ಕಾರು ತಂದರೆ ಲಾಭ ಯಾರಿಗೆ?

ಇಂಗ್ಲೆಂಡಿನ ಒಂದು ಸಾಫ್ಟ್‌ವೇರ್ ಕಂಪನಿ ಎಂದಿಟ್ಟುಕೊಳ್ಳಿ. ಅದರ ಪಾರ್ಕಿಂಗ್‌ನಲ್ಲಿ ಮೂರು ಎಲೆಕ್ಟ್ರಿಕ್ ಕಾರುಗಳು ಅಕ್ಕಪಕ್ಕ ನಿಂತಿವೆ. ಮೂರೂ ಒಂದೇ ಮಾದರಿ, ಪಟ್ಟಿ ಬೆಲೆ 36,000 ಪೌಂಡ್. ಮೂರಕ್ಕೂ ತಿಂಗಳ ಲೀಸ್ ಮೊತ್ತ 550 ಪೌಂಡ್. ಆದರೆ ವರ್ಷಕ್ಕೆ 35,000 ಪೌಂಡ್ ಸಂಬಳದ ಕಿರಿಯ ಎಂಜಿನಿಯರ್‌ನ ಕೈಯಿಂದ ನಿಜವಾಗಿ ಹೋಗುವುದು ತಿಂಗಳಿಗೆ 420 ಪೌಂಡ್. 60,000 ಪಡೆಯುವ ಟೀಮ್ ಲೀಡ್‌ಗೆ 367. ಇನ್ನು 1,05,000 ಎಣಿಸುವ ಮ್ಯಾನೇಜರ್‌ಗೆ ಬರೀ 284! ಸಂಬಳ ಏರಿದಂತೆಲ್ಲ ಕಾರು ಅಗ್ಗ. ಕಂಪನಿ ಇಲ್ಲಿ ಯಾರಿಗೂ ಪಕ್ಷಪಾತ ಮಾಡಿಲ್ಲ. ಅಲ್ಲಿನ 2026-27ರ ತೆರಿಗೆ ದರಗಳನ್ನು ಹಿಡಿದು ಕೂಡಿ ಕಳೆದರೆ ಬರುವ ಉತ್ತರವೇ ಇದು.

ಬ್ರಿಟನ್ನಿನಲ್ಲಿ ಈ ಏರ್ಪಾಟಿಗೆ ಸ್ಯಾಲರಿ ಸ್ಯಾಕ್ರಿಫೈಸ್ ಎನ್ನುತ್ತಾರೆ. ಅಲ್ಲಿ ದುಡಿಯುತ್ತಿರುವ ಕನ್ನಡಿಗ ವೈದ್ಯರು, ನರ್ಸ್‌ಗಳು, ಐಟಿಯವರಿಗೂ ಎಚ್‌ಆರ್ ವಿಭಾಗದಿಂದ ಇದರ ಇಮೇಲ್ ಬಂದೇ ಇರುತ್ತದೆ. ‘ಹೊಚ್ಚ ಹೊಸ ಎಲೆಕ್ಟ್ರಿಕ್ ಕಾರು, ಮುಂಗಡ ಇಲ್ಲ, ವಿಮೆ, ಸರ್ವಿಸ್, ಟೈರು ಎಲ್ಲ ನಮ್ಮದೇ, ಶೇ 40ರವರೆಗೆ ಉಳಿತಾಯ’ ಎಂಬ ಧಾಟಿಯ ಒಕ್ಕಣೆ. ಬೆಂಗಳೂರಿನಲ್ಲಿ ಇಎಂಐ ಕಟ್ಟಿ, ವಿಮೆಗೆ ಬೇರೆ ಓಡಾಡಿ, ಸರ್ವಿಸ್ ಸೆಂಟರ್‌ನ ಬಿಲ್ಲಿಗೆ ಬೆಚ್ಚಿ ಅಭ್ಯಾಸವಾದವರಿಗೆ ಇದು ಕೇಳಲು ಹಿತವಾಗಿಯೇ ಇರುತ್ತದೆ. ಕಾರು ನಿಜಕ್ಕೂ ಅಗ್ಗವೇ ಎಂಬುದನ್ನು ಮಾತ್ರ ಲೆಕ್ಕ ಹಾಕಿಯೇ ತಿಳಿಯಬೇಕು.

ಲೆಕ್ಕ ನಡೆಯುವುದು ಹೀಗೆ. ಲೀಸಿಂಗ್ ಸಂಸ್ಥೆ ಕಾರನ್ನು ಕಂಪನಿಗೆ ಬಾಡಿಗೆ ಕೊಡುತ್ತದೆ, ಕಂಪನಿ ಅದನ್ನು ನೌಕರನಿಗೆ ಕೊಡುತ್ತದೆ. ಪ್ರತಿಯಾಗಿ ನೌಕರ ತನ್ನ ಒಟ್ಟು ಸಂಬಳದಲ್ಲಿ ತಿಂಗಳಿಗೆ 550 ಪೌಂಡ್ ಬಿಟ್ಟುಕೊಡುವುದಾಗಿ ಬರೆದುಕೊಡುತ್ತಾನೆ. ಈ ಕಡಿತ ಆಗುವುದು ತೆರಿಗೆ ಲೆಕ್ಕ ಹಾಕುವ ಮೊದಲೇ. ಕೈಗೆ ಬಾರದ ಆ ಹಣಕ್ಕೆ ಆದಾಯ ತೆರಿಗೆಯೂ ಇಲ್ಲ, ಸಾಮಾಜಿಕ ಭದ್ರತೆಗೆಂದು ಕಟ್ಟುವ ನ್ಯಾಷನಲ್ ಇನ್ಶೂರೆನ್ಸ್ ವಂತಿಗೆಯೂ ಇಲ್ಲ. ಕಿರಿಯ ಎಂಜಿನಿಯರ್ ಕಟ್ಟುವುದು ಶೇ 20 ತೆರಿಗೆ, ಶೇ 8 ವಂತಿಗೆ. ಹಾಗಾಗಿ 550ರಲ್ಲಿ 154 ಪೌಂಡ್ ಉಳಿಯಿತು. ಟೀಮ್ ಲೀಡ್‌ನ ಮೇಲ್ತುದಿಯ ಸಂಬಳಕ್ಕೆ ಬೀಳುವುದು ಶೇ 40 ಮತ್ತು ಶೇ 2. ಅವನಿಗೆ 231 ಉಳಿಯಿತು.

ಸರ್ಕಾರವೇನು ಇಷ್ಟಕ್ಕೇ ಕೈಬಿಡುವುದಿಲ್ಲ. ಕಂಪನಿ ಕೊಟ್ಟ ಕಾರೂ ಒಂದು ಬಗೆಯ ಆದಾಯವೇ ಎಂದು ಅದಕ್ಕೆ ‘ಬೆನಿಫಿಟ್ ಇನ್ ಕೈಂಡ್’ ತೆರಿಗೆ ಹಾಕುತ್ತದೆ. ಎಲೆಕ್ಟ್ರಿಕ್ ಕಾರಿಗೆ 2026-27ರಲ್ಲಿ ಪಟ್ಟಿ ಬೆಲೆಯ ಶೇ 4ನ್ನು, ಅಂದರೆ ನಮ್ಮ ಉದಾಹರಣೆಯಲ್ಲಿ 1,440 ಪೌಂಡನ್ನು ಆದಾಯವೆಂದು ಎಣಿಸಲಾಗುತ್ತದೆ. ಅದರ ಮೇಲಿನ ತೆರಿಗೆ ಕಿರಿಯವನಿಗೆ ತಿಂಗಳಿಗೆ 24, ಟೀಮ್ ಲೀಡ್‌ಗೆ 48 ಪೌಂಡ್. 550ರಿಂದ ಉಳಿತಾಯವನ್ನು ಕಳೆದು ಇದನ್ನು ಕೂಡಿಸಿದರೆ ಮೊದಲು ಹೇಳಿದ 420 ಮತ್ತು 367 ಸಿಗುತ್ತವೆ. ಸ್ಕಾಟ್ಲೆಂಡಿನಲ್ಲಿ ಆದಾಯ ತೆರಿಗೆಯ ಹಂತಗಳೇ ಬೇರೆ, ಅಲ್ಲಿರುವವರು ಬೇರೆ ಲೆಕ್ಕ ಹಾಕಬೇಕು.

ಮ್ಯಾನೇಜರ್‌ನ ಕಥೆ ಇನ್ನೂ ಸ್ವಾರಸ್ಯದ್ದು. ಬ್ರಿಟನ್ನಿನಲ್ಲಿ ಆದಾಯ ಒಂದು ಲಕ್ಷ ಪೌಂಡ್ ದಾಟಿದರೆ, ಎಲ್ಲರಿಗೂ ಇರುವ 12,570 ಪೌಂಡ್‌ಗಳ ತೆರಿಗೆಮುಕ್ತ ಮಿತಿ ಕರಗಲು ತೊಡಗುತ್ತದೆ. ದಾಟಿದ ಪ್ರತಿ ಎರಡು ಪೌಂಡಿಗೆ ಒಂದು ಪೌಂಡ್‌ನಂತೆ. ಹಾಗಾಗಿ 1,00,000ದಿಂದ 1,25,140ರವರೆಗಿನ ಹಣಕ್ಕೆ ವಂತಿಗೆಯೂ ಸೇರಿ ಬೀಳುವ ಹೊರೆ ಶೇ 62. ಇಂಗ್ಲೆಂಡಿನಲ್ಲಿ ದುಡಿಯುವ ತಂದೆತಾಯಿಯರ ಪುಟ್ಟ ಮಕ್ಕಳಿಗೆ ಸಿಗುವ ವಾರಕ್ಕೆ 30 ಗಂಟೆಗಳ ಉಚಿತ ಶಿಶುಪಾಲನೆಯೂ ಇಬ್ಬರಲ್ಲಿ ಒಬ್ಬರ ಆದಾಯ ಈ ಲಕ್ಷದ ಗೆರೆ ದಾಟಿದರೆ ಕೈತಪ್ಪುತ್ತದೆ. 1,05,000 ಪಡೆಯುವವನು ವರ್ಷಕ್ಕೆ 6,600 ಪೌಂಡ್ ಬಿಟ್ಟುಕೊಟ್ಟು, ಕಾರಿನ 1,440 ಸೇರಿಸಿಕೊಂಡರೆ ನಿಲ್ಲುವುದು 99,840ಕ್ಕೆ. ಬೇರೆ ಆದಾಯ ಇಲ್ಲದಿದ್ದರೆ ಅವನು ಗೆರೆಯ ಈಚೆಗೆ ಬಂದ. ಕಾರಿನ ಮೇಲೆ ತಿಂಗಳಿಗೆ 266 ಪೌಂಡ್ ಉಳಿಯಿತು, ಮನೆಯಲ್ಲಿ ಪುಟ್ಟ ಮಗು ಇದ್ದರೆ ಶಿಶುವಿಹಾರದ ಬಿಲ್ಲಿನಲ್ಲೂ ಸಾವಿರಾರು ಪೌಂಡ್ ಇಳಿಯಿತು. ಇಂಥವರಿಗೆ ‘ಈ ಯೋಜನೆ ಬೇಡ’ ಎನ್ನಲು ಕಾರಣ ಹುಡುಕಬೇಕು. ಆದಾಯವನ್ನು ಗೆರೆಯ ಈಚೆಗೆ ತರಲು ಪಿಂಚಣಿಗೆ ಹೆಚ್ಚು ಹಾಕುವ ದಾರಿಯೂ ಇದೆಯಲ್ಲ ಎಂದರೆ, ಹೌದು, ಇದೆ; ಆ ಹಣ ಉಳಿಯುತ್ತದೆ, ಕಾರಿಗೆ ಹಾಕಿದ್ದು ಸವೆಯುತ್ತದೆ.

ಇಷ್ಟೆಲ್ಲ ರಿಯಾಯಿತಿ ಎಲೆಕ್ಟ್ರಿಕ್ ಕಾರಿಗೆ ಮಾತ್ರ ಏಕೆ? 2017ರ ಏಪ್ರಿಲ್‌ಗೆ ಮುಂಚೆ ಪೆಟ್ರೋಲ್ ಕಾರುಗಳೂ ಈ ದಾರಿಯಲ್ಲಿ ಬರುತ್ತಿದ್ದವು. ಖಜಾನೆಗೆ ಸೋರಿಕೆ ಹೆಚ್ಚಿತೆಂದು ಸರ್ಕಾರ ಆಗ ನಿಯಮ ಬಿಗಿ ಮಾಡಿತು: ಕಿಲೋಮೀಟರಿಗೆ 75 ಗ್ರಾಂಗಿಂತ ಹೆಚ್ಚು ಇಂಗಾಲದ ಡೈಆಕ್ಸೈಡ್ ಉಗುಳುವ ಕಾರಾದರೆ, ಬಿಟ್ಟುಕೊಟ್ಟ ಸಂಬಳ ಮತ್ತು ಕಾರಿನ ತೆರಿಗೆ ಮೌಲ್ಯ ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ತೆರಿಗೆ. ಅಲ್ಲಿಂದ ಮುಂದೆ ಹೊಸದಾಗಿ ತೆಗೆದುಕೊಂಡ ಪೆಟ್ರೋಲ್ ಕಾರಿಗೆ ಆದಾಯ ತೆರಿಗೆಯ ಲಾಭ ಹೋಯಿತು. ನಮ್ಮ ಟೀಮ್ ಲೀಡ್ ಪೆಟ್ರೋಲ್ ಕಾರು ಆರಿಸಿಕೊಂಡರೆ ಅವನಿಗೆ ಹೆಚ್ಚೆಂದರೆ ವಂತಿಗೆಯ ಶೇ 2, ಅಂದರೆ 11 ಪೌಂಡ್ ಉಳಿದೀತು. ಇತ್ತ ಎಲೆಕ್ಟ್ರಿಕ್ ಕಾರಿನ ‘ಬೆನಿಫಿಟ್ ಇನ್ ಕೈಂಡ್’ ದರವನ್ನು 2020-21ರಲ್ಲಿ ಸೊನ್ನೆಗೇ ಇಳಿಸಲಾಯಿತು. ಲೀಸಿಂಗ್ ಸಂಸ್ಥೆಗಳು ಬೆಳೆದದ್ದು ಆಮೇಲೆಯೇ. ಈ ವ್ಯವಹಾರದಲ್ಲಿದ್ದ ಟಸ್ಕರ್ ಕಂಪನಿಯನ್ನು 2023ರಲ್ಲಿ ಲಾಯ್ಡ್ಸ್ ಬ್ಯಾಂಕಿಂಗ್ ಗ್ರೂಪ್ ಕೊಂಡುಕೊಂಡಿತು. ವಿದ್ಯುತ್ ಮಾರುವ ಆಕ್ಟೋಪಸ್‌ಗೂ ಕಾರು ಲೀಸ್‌ಗೆ ಕೊಡುವ ಪ್ರತ್ಯೇಕ ಅಂಗವಿದೆ.

ಆದರೆ ಸೊನ್ನೆ ಸೊನ್ನೆಯಾಗಿ ಉಳಿಯಲಿಲ್ಲ. 2025-26ರಲ್ಲಿ ಶೇ 3 ಇದ್ದದ್ದು 2026-27ರಲ್ಲಿ 4, ಮುಂದಿನ ವರ್ಷ 5, 2028-29ರಲ್ಲಿ 7, ಅದರಾಚೆಯ ವರ್ಷ 9 ಎಂದು ಈಗಾಗಲೇ ಘೋಷಣೆಯಾಗಿದೆ. ಟೀಮ್ ಲೀಡ್ ಮೂರು ವರ್ಷದ ಒಪ್ಪಂದಕ್ಕೆ ಸಹಿ ಹಾಕಿದರೆ ಅವನ ಕಾರಿನ ತೆರಿಗೆ ತಿಂಗಳಿಗೆ 48ರಿಂದ 84 ಪೌಂಡಿಗೆ ಏರುತ್ತದೆ. ನಾಲ್ಕನೇ ವರ್ಷಕ್ಕೆ ಮುಂದುವರಿದರೆ 108. 2028ರ ಏಪ್ರಿಲ್‌ನಿಂದ ಎಲೆಕ್ಟ್ರಿಕ್ ಕಾರು ಓಡಿದ ಪ್ರತಿ ಮೈಲಿಗೆ 3 ಪೆನ್ಸ್ ಶುಲ್ಕ ವಿಧಿಸುವುದಾಗಿಯೂ 2025ರ ನವೆಂಬರ್ ಬಜೆಟ್ಟಿನಲ್ಲಿ ಹೇಳಲಾಗಿದೆ. ವರ್ಷಕ್ಕೆ 8,000 ಮೈಲಿ ಓಡಿಸುವವರಿಗೆ ಅದು 240 ಪೌಂಡ್. ಜಾಹೀರಾತಿನಲ್ಲಿ ಕಾಣುವುದು ಮೊದಲ ವರ್ಷದ ಅಂಕಿ. ಕೇಳಬೇಕಾದದ್ದು ಕೊನೆಯ ವರ್ಷದ್ದು.

ಈಗ ಪೇಸ್ಲಿಪ್ಪಿನಲ್ಲಿ ಕಾಣದ ಕಡೆಗೆ ಬರೋಣ. ಸಂಬಳ ‘ಬಿಟ್ಟುಕೊಟ್ಟೆ’ ಎಂದರೆ ಕಾಗದದ ಮೇಲೆ ನಿಜವಾಗಿಯೂ ಸಂಬಳ ಕಡಿಮೆಯಾಯಿತು ಎಂದೇ ಅರ್ಥ. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನ ನರ್ಸ್ ಒಬ್ಬರನ್ನು ನೋಡಿ. ಅಲ್ಲಿನ ಪಿಂಚಣಿ ಪದ್ಧತಿಯಲ್ಲಿ ಪ್ರತಿವರ್ಷದ ಸಂಬಳದ 54ನೇ ಒಂದು ಭಾಗ ಅವರ ವಾರ್ಷಿಕ ಪಿಂಚಣಿಗೆ ಸೇರುತ್ತಾ ಹೋಗುತ್ತದೆ. ಕಾರಿಗೆಂದು 6,600 ಪೌಂಡ್ ಬಿಟ್ಟುಕೊಟ್ಟ ವರ್ಷ ಪಿಂಚಣಿಗೆ ಸೇರಬೇಕಿದ್ದ 122 ಪೌಂಡ್ ಸೇರುವುದಿಲ್ಲ. ಮೂರು ವರ್ಷಕ್ಕೆ 366. ನಿವೃತ್ತಿಯ ನಂತರ 20 ವರ್ಷ ಬದುಕಿದರೆ 7,300 ಪೌಂಡ್ ದಾಟಿತು, ಹಣದುಬ್ಬರಕ್ಕೆ ತಕ್ಕ ಏರಿಕೆಯನ್ನು ಸೇರಿಸದೆ. ಪಿಂಚಣಿ ಕಂತೂ ಅದೇ ಅಳತೆಯಲ್ಲಿ ಇಳಿಯುವುದರಿಂದ ತಿಂಗಳ ಕೊನೆಗೆ ಕೈಗೆ ಬರುವ ಹಣ ನಿರೀಕ್ಷೆಗಿಂತ ಹೆಚ್ಚೇ ಕಂಡು, ‘ಪರವಾಗಿಲ್ಲವೇ’ ಎನಿಸುತ್ತದೆ. ಮೋಸ ಹೋಗುವುದು ಅಲ್ಲೇ. ಖಾಸಗಿ ಕಂಪನಿಗಳಲ್ಲಿ ಈ ತೊಂದರೆ ಎಲ್ಲ ಕಡೆ ಇಲ್ಲ. ಕೆಲವು ಕಂಪನಿಗಳು ಪಿಂಚಣಿಯನ್ನು ಕಡಿತಕ್ಕೆ ಮುಂಚಿನ ಸಂಬಳದ ಮೇಲೆಯೇ ಲೆಕ್ಕ ಹಾಕುತ್ತವೆ.

ಹೆರಿಗೆ ರಜೆಯ ಮೊದಲ ಆರು ವಾರ ಶಾಸನಬದ್ಧವಾಗಿ ಸಿಗುವುದು ಸರಾಸರಿ ಗಳಿಕೆಯ ಶೇ 90. ಆ ಸರಾಸರಿಯನ್ನೂ ತಗ್ಗಿದ ಸಂಬಳದ ಮೇಲೆಯೇ ಹಾಕುತ್ತಾರೆ. ಮನೆ ಸಾಲ ಕೇಳಹೋದರೆ ಬ್ಯಾಂಕಿನವರ ಕಣ್ಣಿಗೂ ಬೀಳುವುದು ಆ ಸಂಬಳವೇ.

ಕನಿಷ್ಠ ವೇತನದ ಕಟ್ಟುಪಾಡು ಇನ್ನೊಂದು. ಕಡಿತದ ನಂತರ ಉಳಿದ ಸಂಬಳ ಗಂಟೆಗೆ 12.71 ಪೌಂಡಿಗಿಂತ ಕೆಳಗೆ ಇಳಿಯುವಂತಿಲ್ಲ. ಇದು 2026ರ ಏಪ್ರಿಲ್‌ನಿಂದ 21 ತುಂಬಿದವರಿಗೆ ಇರುವ ದರ. ವಾರಕ್ಕೆ 37.5 ಗಂಟೆಯ ಕೆಲಸಕ್ಕೆ ವರ್ಷಕ್ಕೆ ಸುಮಾರು 24,785 ಪೌಂಡ್ ಆಯಿತು. 30,000 ಪೌಂಡ್ ಸಂಬಳದವರು 6,600 ಬಿಟ್ಟುಕೊಟ್ಟರೆ ಉಳಿಯುವುದು 23,400. ಅವರಿಗೆ ಈ ಕಾರು ಕೊಡಲು ಕಾನೂನೇ ಒಪ್ಪುವುದಿಲ್ಲ. ವೃದ್ಧಾಶ್ರಮಗಳಲ್ಲಿ ಆರೈಕೆ ಮಾಡುವ, ಬಸ್ಸಿಲ್ಲದ ಹೊತ್ತಿನಲ್ಲಿ ಪಾಳಿ ಮುಗಿಸುವ ಕಡಿಮೆ ಸಂಬಳದವರಿಗೇ ಕಾರಿನ ಅಗತ್ಯ ಹೆಚ್ಚು. ಯೋಜನೆ ಅವರನ್ನು ಹೊಸ್ತಿಲಲ್ಲೇ ನಿಲ್ಲಿಸಿ, ಲಕ್ಷ ಪೌಂಡಿನವರಿಗೆ ಬಾಗಿಲು ತೆರೆದಿಡುತ್ತದೆ. ಸಾರ್ವಜನಿಕ ತೆರಿಗೆ ಹಣದ ರಿಯಾಯಿತಿ ಹಂಚಲು ಇದು ನ್ಯಾಯವಾದ ದಾರಿ ಎಂದು ಒಪ್ಪುವುದು ಕಷ್ಟ.

ವಲಸೆ ಬಂದವರಿಗೆ ಇದರಲ್ಲಿ ಒಂದು ಅನುಕೂಲವಿದೆ, ಒಂದು ಅಪಾಯವೂ ಇದೆ. ಭಾರತದ ಲೈಸೆನ್ಸ್‌ನಲ್ಲಿ ಬ್ರಿಟನ್ನಿನಲ್ಲಿ 12 ತಿಂಗಳು ಓಡಿಸಬಹುದು. ಆಮೇಲೆ ಅಲ್ಲಿನ ಪರೀಕ್ಷೆ ಪಾಸಾಗಬೇಕು. ಊರಿನಲ್ಲಿ ಹದಿನೈದು ವರ್ಷ ಕಾರು ಓಡಿಸಿದ್ದರೂ ಅಲ್ಲಿನ ವಿಮಾ ಕಂಪನಿಗೆ ಹೊಸಬನೇ. ಪ್ರೀಮಿಯಂ ಕೇಳಿ ಕಂಗಾಲಾಗುವವರು ಬಹಳ. ಸ್ಯಾಲರಿ ಸ್ಯಾಕ್ರಿಫೈಸ್‌ನಲ್ಲಿ ವಿಮೆ ಲೀಸಿನೊಳಗೇ ಸೇರಿರುವುದರಿಂದ ಇಂಥವರಿಗೆ, ಎಳೆಯ ವಯಸ್ಸಿನ ಚಾಲಕರಿಗೆ ಅದು ತೆರಿಗೆ ಉಳಿತಾಯದಷ್ಟೇ ದೊಡ್ಡ ಲಾಭವಾಗಬಹುದು. ಅಪಾಯ ಇರುವುದು ಅವಧಿಯಲ್ಲಿ. ಒಪ್ಪಂದ ಮೂರು ಅಥವಾ ನಾಲ್ಕು ವರ್ಷದ್ದು. ನಡುವೆ ಬೇರೆ ಕಡೆ ಒಳ್ಳೆಯ ಕೆಲಸ ಸಿಕ್ಕಿತು, ಅಥವಾ ತಂದೆತಾಯಿಗೆ ಹುಷಾರಿಲ್ಲವೆಂದು ಮೈಸೂರಿಗೆ ಮರಳಬೇಕಾಯಿತು ಎನ್ನಿ. ಕಾರನ್ನು ಅವಧಿಗೆ ಮುಂಚೆ ಹಿಂತಿರುಗಿಸಿದ್ದಕ್ಕೆ ಹಲವು ತಿಂಗಳ ಬಾಡಿಗೆಯಷ್ಟು ದಂಡ ಬೀಳಬಹುದು. ಕಂಪನಿಯೇ ಕೆಲಸದಿಂದ ತೆಗೆದರೆ ಸಾಮಾನ್ಯವಾಗಿ ರಕ್ಷಣೆ ಇರುತ್ತದೆ. ತಾನಾಗಿ ರಾಜೀನಾಮೆ ಕೊಟ್ಟವರಿಗೆ ಅದು ಇರುವುದು ಒಪ್ಪಂದವನ್ನು ಅವಲಂಬಿಸಿ. ವೀಸಾಗೆ ಬೇಕಾದ ಕನಿಷ್ಠ ಸಂಬಳದ ಅಂಚಿನಲ್ಲಿ ಇರುವವರಂತೂ ಸಹಿ ಹಾಕುವ ಮುನ್ನ ಎಚ್‌ಆರ್‌ನವರಿಂದ ಲಿಖಿತವಾಗಿ ಕೇಳಿ ತಿಳಿಯುವುದು ಒಳಿತು.

ಎಚ್‌ಆರ್ ಬಳಿ ಹೋದಾಗ ಕೇಳಬಹುದಾದ ಇನ್ನೊಂದು ಪ್ರಶ್ನೆ ಇದೆ, ಕೇಳುವವರು ಕಡಿಮೆ. ನೌಕರನ ಸಂಬಳ ಇಳಿದರೆ ಕಂಪನಿಗೂ ಲಾಭ. ಅದು ತನ್ನ ಪಾಲಿಗೆ ಕಟ್ಟುವ ವಂತಿಗೆ 2025ರ ಏಪ್ರಿಲ್‌ನಿಂದ ಶೇ 15. 6,600 ಪೌಂಡ್‌ಗೆ 990 ಉಳಿಯಿತು. ಕಾರಿನ ಮೌಲ್ಯದ ಮೇಲೆ ಕಟ್ಟಬೇಕಾದ 216 ಕಳೆದರೆ ವರ್ಷಕ್ಕೆ 774 ಪೌಂಡ್. ಇದನ್ನು ಕೆಲವು ಕಂಪನಿಗಳು ಬಾಡಿಗೆಯಲ್ಲಿ ಇಳಿಸಿಕೊಡುತ್ತವೆ, ಕೆಲವು ಕೆಲಸ ಬಿಟ್ಟವರ ಕಾರುಗಳ ನಷ್ಟ ತುಂಬಲು ಇಟ್ಟುಕೊಳ್ಳುತ್ತವೆ, ಕೆಲವು ಸುಮ್ಮನೆ ಜೇಬಿಗಿಳಿಸುತ್ತವೆ. ನಿಮ್ಮ ಕಂಪನಿ ಯಾವ ಗುಂಪಿನದು ಎಂದು ಕೇಳಲು ಸಂಕೋಚ ಬೇಡ.

ಚಾರ್ಜಿಂಗ್ ವಿಚಾರವೂ ಸಣ್ಣದಲ್ಲ. ಮನೆಯ ಮುಂದೆ ಸ್ವಂತ ಜಾಗವಿದ್ದು ರಾತ್ರಿಯ ಅಗ್ಗದ ದರದಲ್ಲಿ ಚಾರ್ಜ್ ಮಾಡುವವರಿಗೆ ಯೂನಿಟ್ಟಿಗೆ 10 ಪೆನ್ಸ್‌ಗಿಂತ ಕಡಿಮೆಗೂ ವಿದ್ಯುತ್ ಸಿಗುತ್ತದೆ. ಫ್ಲ್ಯಾಟಿನಲ್ಲಿರುವವರು ರಸ್ತೆ ಬದಿಯ ರ‍್ಯಾಪಿಡ್ ಚಾರ್ಜರಿಗೆ ಹೋದರೆ ಅದರ ಹಲವು ಪಟ್ಟು ತೆರಬೇಕು. ಮನೆಯ ವಿದ್ಯುತ್ತಿಗೆ ವ್ಯಾಟ್ ಶೇ 5, ಸಾರ್ವಜನಿಕ ಚಾರ್ಜರಿಗೆ ಶೇ 20.

ಬೆಂಗಳೂರಿನ ಐಟಿ ಕಂಪನಿಗಳಲ್ಲೂ ಇದರ ಸೋದರಸಂಬಂಧಿಯೊಂದಿದೆ: ಸಿಟಿಸಿಯೊಳಗೆ ಬರುವ ‘ಕಾರ್ ಲೀಸ್’. ಶೇ 30ರ ಹಂತದಲ್ಲಿರುವವರು ತಿಂಗಳಿಗೆ 30,000 ರೂಪಾಯಿ ಲೀಸಿಗೆ ಹಾಕಿದರೆ ಸೆಸ್ ಸೇರಿ 9,360 ರೂಪಾಯಿ ತೆರಿಗೆ ಉಳಿಯುತ್ತದೆ. 1962ರ ಆದಾಯ ತೆರಿಗೆ ನಿಯಮಗಳಲ್ಲಿ, ಇಂಧನವನ್ನೂ ಕಂಪನಿಯೇ ಭರಿಸುವ 1.6 ಲೀಟರ್‌ವರೆಗಿನ ಎಂಜಿನ್ನಿನ ಕಾರಿಗೆ ತಿಂಗಳಿಗೆ 1,800 ರೂಪಾಯಿ, ದೊಡ್ಡದಕ್ಕೆ 2,400 ರೂಪಾಯಿಯನ್ನಷ್ಟೇ ಆದಾಯವೆಂದು ಎಣಿಸುತ್ತಿದ್ದರು. ಆದಾಯ ತೆರಿಗೆಯ ಹೊಸ ಕಾಯ್ದೆ 2026ರ ಏಪ್ರಿಲ್ 1ರಿಂದ ಬಂದಿರುವುದರಿಂದ ಈಗ ಲೆಕ್ಕ ಹಾಕುವವರು ಹಳೆಯ ಮೊತ್ತಗಳನ್ನು ನಂಬದೆ ಪೇರೋಲ್‌ನವರನ್ನು ಕೇಳಬೇಕು. ಇಲ್ಲಿ ಲೀಸ್ ಸಾಮಾನ್ಯವಾಗಿ ಸ್ಪೆಷಲ್ ಅಲೋವನ್ಸ್‌ನಿಂದ ಹೋಗುತ್ತದೆ, ಬೇಸಿಕ್ ಮುಟ್ಟುವುದಿಲ್ಲ. ಪಿಎಫ್, ಗ್ರಾಚ್ಯುಟಿ ಹಾಗೇ ಉಳಿಯುತ್ತವೆ. ಅವಧಿ ಮುಗಿದ ಮೇಲೆ ಉಳಿಕೆ ಬೆಲೆ ಕೊಟ್ಟು ಕಾರನ್ನು ತನ್ನದಾಗಿಸಿಕೊಳ್ಳುವುದೂ ಇಲ್ಲಿ ರೂಢಿ. ಬ್ರಿಟನ್ನಿನಲ್ಲಿ ಬಹುಪಾಲು ಜನ ಕೀಲಿಕೈ ಒಪ್ಪಿಸಿ ಬರುತ್ತಾರೆ, ಮೈಲಿ ಮಿತಿ ಮೀರಿದ್ದಕ್ಕೂ ಗೀರುಗಳಿಗೂ ಹಣ ತೆತ್ತು.

ಹಾಗಾದರೆ ಬ್ರಿಟನ್ನಿನಲ್ಲಿರುವವರು ಏನು ಮಾಡಬೇಕು? ಶೇ 40ರ ಹಂತದಲ್ಲಿದ್ದು, ಹೇಗೂ ಹೊಸ ಎಲೆಕ್ಟ್ರಿಕ್ ಕಾರು ತೆಗೆದುಕೊಳ್ಳುವವರೇ ಆಗಿದ್ದು, ಮನೆಯಲ್ಲಿ ಚಾರ್ಜ್ ಮಾಡಬಲ್ಲವರಾಗಿ, ಮೂರು ವರ್ಷ ಅದೇ ಕೆಲಸದಲ್ಲಿ ಇರುವ ಭರವಸೆ ಇದ್ದರೆ ಇದಕ್ಕಿಂತ ಅಗ್ಗದ ದಾರಿ ಸುಲಭಕ್ಕೆ ಸಿಗದು. ಲಕ್ಷದ ಗೆರೆ ದಾಟಿದವರಿಗಂತೂ ಕಣ್ಣು ಮುಚ್ಚಿ ಅಲ್ಲದಿದ್ದರೂ ಅರ್ಧ ಕಣ್ಣು ತೆರೆದು ಒಪ್ಪಬಹುದಾದ ವ್ಯವಹಾರ. ಶೇ 20ರ ಹಂತದವರು, ಅದರಲ್ಲೂ ಎನ್‌ಎಚ್‌ಎಸ್ ಪಿಂಚಣಿ ಇರುವವರು ತಿಂಗಳಿಗೆ 420 ಪೌಂಡ್ ಕೊಡುವ ಮೊದಲು ಮೂರು ವರ್ಷ ಹಳೆಯ ಎಲೆಕ್ಟ್ರಿಕ್ ಕಾರುಗಳ ಬೆಲೆ ಒಮ್ಮೆ ವಿಚಾರಿಸಲಿ. ಹೊಸ ಬೆಲೆಯ ಅರ್ಧದ ಆಸುಪಾಸಿಗೆ ಸಿಗುವುದು ಅಲ್ಲಿ ಅಪರೂಪವಲ್ಲ, ಕಂತು ಮುಗಿದ ಮೇಲೆ ಕಾರೂ ಅವರದ್ದೇ.