ಬಳುಕುವ ಹೋಸ್: ಒಂದು ವಸ್ತು, ಹಲವು ರೂಪ

ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದುಗಳ ಯಂತ್ರೋದ್ಯಮಗಳಲ್ಲಿ ದುಡಿಯುವ ಕನ್ನಡಿಗರ ಸಂಖ್ಯೆ ಸಣ್ಣದಲ್ಲ. ಆದರೆ ಅವರು ಹಗಲೆಲ್ಲ ಎದುರಿಸುವ ಸಮಸ್ಯೆಗಳು ಕನ್ನಡದ ಶಾಸ್ತ್ರಗದ್ಯದೊಳಗೆ ಬಂದಿರುವುದು ಕಡಿಮೆ. ಗಣಕದ ನೆರವಿನ ಯಂತ್ರವಿನ್ಯಾಸದಲ್ಲಿ ಹೋಸ್‌ನ ಹಾದಿಭೇದಗಳನ್ನು ನಿರ್ವಹಿಸುವುದು ಅಂಥದೊಂದು ಸಮಸ್ಯೆ. ಒಂದೇ ವಸ್ತು ಹಲವು ಆಕಾರ ತಾಳಿದಾಗ ಅದನ್ನು ಒಂದೆಂದು ಎಣಿಸಬೇಕೋ ಹಲವೆಂದು ಎಣಿಸಬೇಕೋ ಎಂಬ ಪ್ರಶ್ನೆಯೇ ಇದರ ತಿರುಳಾದ್ದರಿಂದ ಭಾಷೆಯ ವಿದ್ಯಾರ್ಥಿಗಳಿಗೂ ಇದು ಅಪರಿಚಿತವೆನಿಸದು.

ಜನ ಸಾಮಾನ್ಯವಾಗಿ ಜೆಸಿಬಿ ಎಂದು ಕರೆಯುವ, ಮಣ್ಣು ಅಗೆಯುವ ಯಂತ್ರವನ್ನು ಗಮನಿಸಬಹುದು. ಅದರ ತೋಳನ್ನು ಎತ್ತಿ ಇಳಿಸುವ ಶಕ್ತಿ ಒತ್ತಡದಲ್ಲಿರುವ ಎಣ್ಣೆಯದು. ಆ ಎಣ್ಣೆಯನ್ನು ಚಲಿಸುವ ಭಾಗಗಳಿಗೆ ಒಯ್ಯುವುದು ಹೋಸ್. ಒಳಗೆ ರಬ್ಬರಿನ ನಾಳ, ಅದರ ಸುತ್ತ ಉಕ್ಕಿನ ತಂತಿಯ ಹೆಣಿಗೆ, ಮೇಲೆ ರಬ್ಬರಿನ ಹೊದಿಕೆ, ಇದು ಅದರ ರಚನೆ. ಹೋಸ್ ಬಾಗುತ್ತದೆ, ಆದರೆ ಅದರ ಬಾಗುವಿಕೆಗೆ ಮಿತಿಯುಂಟು. ಎರಡು ಪದರ ತಂತಿಹೆಣಿಗೆಯ ಅರ್ಧ ಅಂಗುಲ ಒಳವ್ಯಾಸದ ಹೋಸ್‌ಗೆ ಬಾಗಿನ ಒಳಮಗ್ಗುಲಲ್ಲಿ ಸುಮಾರು 180 ಮಿಲಿಮೀಟರ್ ತ್ರಿಜ್ಯ ಇರಲೇಬೇಕು. ಅದಕ್ಕಿಂತ ಬಿಗಿಯಾಗಿ ಬಾಗಿಸಿದರೆ ಅಥವಾ ತಿರುಚಿದರೆ ತಂತಿಹೆಣಿಗೆ ಬಹುಬೇಗ ದಣಿದು ಹೋಸ್ ಒಡೆಯುತ್ತದೆ. ಒತ್ತಡದ ಎಣ್ಣೆ ಹೊರಚಿಮ್ಮಿದರೆ ಹತ್ತಿರದಲ್ಲಿರುವವರ ಮೈಗೆ ತೂರಿ ತೀವ್ರ ಗಾಯವಾಗಬಹುದು.

ಗಣಕದ ಮಾದರಿಯಲ್ಲಿ ಬೋಲ್ಟು, ಫಲಕ, ದಂಡ ಮುಂತಾದ ಬಿಡಿಭಾಗಗಳು ಎಲ್ಲಿಟ್ಟರೂ ಒಂದೇ ಆಕಾರದಲ್ಲಿರುತ್ತವೆ. ಹೋಸ್ ಹಾಗಲ್ಲ. ತೋಳು ಮೇಲಿದ್ದಾಗ ಒಂದು ಆಕಾರ, ಕೆಳಗಿದ್ದಾಗ ಮತ್ತೊಂದು. ‘ಯು’ ಆಕಾರದಲ್ಲಿ ಇಳಿಬಿದ್ದ ಹೋಸ್‌ನ ಒಂದು ತುದಿ ಸ್ಥಿರವಾಗಿದ್ದು, ಇನ್ನೊಂದು ತುದಿ 400 ಮಿಲಿಮೀಟರ್ ಮೇಲೆ ಕೆಳಗೆ ಸರಿಯುವುದೆಂದು ಭಾವಿಸೋಣ. ಹೊರವ್ಯಾಸ 22 ಮಿಲಿಮೀಟರ್ ಇದ್ದರೆ ಬಾಗಿನ ನಡುಗೆರೆಯ ತ್ರಿಜ್ಯ 191. ಅರ್ಧವೃತ್ತದ ಉದ್ದ ಸುಮಾರು 600. ನಡುಸ್ಥಿತಿಯಲ್ಲಿ ಎರಡೂ ಕಾಲುಗಳು 300ರಂತಿದ್ದರೆ, ಚಲನೆಯ ಒಂದು ಕೊನೆಯಲ್ಲಿ ಅವು 200 ಮತ್ತು 400, ಮತ್ತೊಂದು ಕೊನೆಯಲ್ಲಿ 400 ಮತ್ತು 200 ಆಗುತ್ತವೆ. ಆಕಾರ ಮೂರಾದರೂ ಒಟ್ಟು ಉದ್ದ 1200 ಮಾತ್ರ. ಈ ಸ್ಥಿರಾಂಶವನ್ನು ಕಾಪಾಡುವುದೇ ವಿನ್ಯಾಸಕನ ಮುಖ್ಯ ಹೊಣೆ.

ಇದಕ್ಕೆ ಮೂರು ಮಾರ್ಗಗಳು ರೂಢಿಯಲ್ಲಿವೆ. ಮೊದಲನೆಯದು, ಪ್ರತಿ ಆಕಾರಕ್ಕೂ ಬೇರೆ ಬೇರೆ ಕಡತ ರಚಿಸುವುದು. ಇದು ಸುಲಭ; ಆದರೆ ಬಿಡಿಭಾಗಗಳ ಪಟ್ಟಿಯಲ್ಲಿ ಒಂದು ಹೋಸ್ ಮೂರಾಗಿ ಕಾಣಿಸಿಕೊಳ್ಳುತ್ತದೆ, ಖರೀದಿ ವಿಭಾಗ ಅನಗತ್ಯವಾದುದನ್ನು ತರಿಸುತ್ತದೆ. ಎರಡನೆಯದು, ಒಂದೇ ಕಡತದೊಳಗೆ ಹಲವು ರೂಪಭೇದಗಳನ್ನಿರಿಸಿ ಎಲ್ಲಕ್ಕೂ ಒಂದೇ ಭಾಗಸಂಖ್ಯೆ ನೀಡುವುದು. 1995ರಲ್ಲಿ ಮೊದಲು ಬಿಡುಗಡೆಯಾದ ಸಾಲಿಡ್‌ವರ್ಕ್ಸ್ ತಂತ್ರಾಂಶದಲ್ಲಿ ಇಂದು ಇದು ಸಾಧ್ಯ. ಪಟ್ಟಿಯಲ್ಲಿ ರೂಪಭೇದದ ಹೆಸರಿನ ಬದಲು ಕಡತದ ಹೆಸರೇ ಮೂಡುವಂತೆ ಸೂಚಿಸಿದರಾಯಿತು. ಸ್ಥಿತಿಗಳು ಕೆಲವೇ ಇದ್ದಾಗ ಈ ಮಾರ್ಗ ಪ್ರಶಸ್ತ. ಮೂರನೆಯದು, ಹೋಸ್‌ನ ಹಾದಿಯನ್ನು ಜೋಡಣೆಯಲ್ಲಿನ ಎರಡು ತುದಿಗಳಿಗೆ ಬಂಧಿಸಿ, ಯಂತ್ರ ಸರಿದಂತೆ ಅದೂ ಬದಲಾಗುವಂತೆ ಮಾಡುವುದು. ಚಲನೆಯನ್ನು ಪರೀಕ್ಷಿಸಲು ಇದು ಉತ್ತಮ. ಆದರೆ ಅದೇ ಕಡತವನ್ನು ಬೇರೊಂದು ಯಂತ್ರದಲ್ಲಿ ಬಳಸಿದಾಗ, ಅದು ಮೊದಲ ಯಂತ್ರವನ್ನೇ ಅನುಸರಿಸಿ ಆಕಾರ ಬದಲಿಸುವ ಅಪಾಯವಿದೆ.

ಈ ಹಾದಿಯನ್ನು ಸಾಮಾನ್ಯವಾಗಿ ‘ಸ್ಪ್ಲೈನ್’ ಎಂಬ ವಕ್ರರೇಖೆಯಿಂದ ಬರೆಯುತ್ತಾರೆ. ಹಡಗು ಕಟ್ಟುವವರು ನಕ್ಷೆ ಬರೆಯಲು ಭಾರಗಳ ನಡುವೆ ಬಾಗಿಸಿಡುತ್ತಿದ್ದ ತೆಳು ಮರದ ಪಟ್ಟಿಗೆ ಈ ಹೆಸರಿತ್ತು. 1946ರಲ್ಲಿ ಶೋನ್‌ಬರ್ಗ್ ಅದನ್ನು ಗಣಿತಕ್ಕೆ ತಂದರು. ಮರದ ಪಟ್ಟಿಯ ಉದ್ದ ಬದಲಾಗದು. ಗಣಿತದ ಸ್ಪ್ಲೈನ್ ಮಾತ್ರ ಎಳೆದಷ್ಟೂ ಉದ್ದವಾಗುತ್ತದೆ. ಆದ್ದರಿಂದ ಪ್ರತಿ ರೂಪದಲ್ಲೂ ಉದ್ದವನ್ನೂ ಕನಿಷ್ಠ ತ್ರಿಜ್ಯವನ್ನೂ ಅಳೆದು ನೋಡುವುದು ಅನಿವಾರ್ಯ. ಹಾಗೆ ಮಾಡದಿದ್ದರೆ ತೆರೆಯ ಮೇಲೆ ಸುಂದರವಾಗಿ ಕಂಡ ಹೋಸ್ ಕಾರ್ಖಾನೆಯಲ್ಲಿ ತುದಿ ಮುಟ್ಟದೆ ಹೋಗಬಹುದು. ಒತ್ತಡ ಬಿದ್ದಾಗ ಹೋಸ್ ತುಸು ಕುಗ್ಗಬಹುದು, ಹಿಗ್ಗಲೂಬಹುದು. ಅದಕ್ಕೂ ಸ್ವಲ್ಪ ಸಡಿಲ ಬಿಡಬೇಕು.

ಕನ್ನಡ ವ್ಯಾಕರಣವನ್ನು ಓದಿದವರಿಗೆ ಈ ವ್ಯವಸ್ಥೆ ಸುಲಭಗ್ರಾಹ್ಯ. ‘ಮರ’ ಎಂಬ ಪ್ರಕೃತಿ ವಾಕ್ಯದಲ್ಲಿ ಮರವನ್ನು, ಮರದಿಂದ, ಮರದಲ್ಲಿ ಎಂದು ರೂಪ ತಾಳುತ್ತದೆ. ನಿಘಂಟಿನಲ್ಲಿ ಅದಕ್ಕಿರುವುದು ಒಂದೇ ಉಲ್ಲೇಖ. ಯಂತ್ರದ ಜೋಡಣೆ ವಾಕ್ಯವಾದರೆ ಬಿಡಿಭಾಗಗಳ ಪಟ್ಟಿ ನಿಘಂಟು. ಸಾಮ್ಯ ಇಲ್ಲಿಗೆ ಮುಗಿಯುತ್ತದೆ: ಪ್ರತ್ಯಯ ಸೇರಿದಾಗ ಪದ ಬೆಳೆಯುತ್ತದೆ, ಹೋಸ್ ಬೆಳೆಯುವಂತಿಲ್ಲ. ಪ್ರಕೃತಿ, ರೂಪಭೇದ, ಸ್ಥಿರಾಂಶ ಎಂಬ ಪದಗಳು ನಮ್ಮಲ್ಲಿ ಸಿದ್ಧವಾಗಿಯೇ ಇವೆ. ಕಾರ್ಖಾನೆಯ ಅನುಭವವುಳ್ಳ ಹೊರನಾಡ ಕನ್ನಡಿಗರೂ ಕನ್ನಡ ವಿಭಾಗಗಳೂ ಕೂಡಿ ದುಡಿದರೆ ಇಂಥ ಶಾಸ್ತ್ರಬರಹಕ್ಕೆ ಪರಿಭಾಷೆಯ ಕೊರತೆ ಅಡ್ಡಿಯಾಗಲಾರದು.