‘ನೀವೇನಾದರೂ ಕೇಳುವುದಿದೆಯೇ?’

ಸಂದರ್ಶನವು ಮುಗಿಯುತ್ತ ಬಂದಾಗ, ಮೇಜಿನ ಆಚೆಗೆ ಕುಳಿತವರು ಕಾಗದಗಳನ್ನು ಒಟ್ಟುಮಾಡಿಕೊಳ್ಳುತ್ತ, ‘ನೀವೇನಾದರೂ ನಮ್ಮನ್ನು ಕೇಳುವುದಿದೆಯೇ?’ ಎಂದು ವಿಚಾರಿಸುವುದು ಖಾಸಗಿ ಕಂಪನಿಗಳಲ್ಲಿ ರೂಢಿಯಾಗಿದೆ. ನಮ್ಮ ಮನೆಗಳ ಹುಡುಗ ಹುಡುಗಿಯರಲ್ಲಿ ಬಹುಮಂದಿ ಕೊಡುವ ಉತ್ತರ ಒಂದೇ: ‘ಏನೂ ಇಲ್ಲ, ಸಾರ್.’ ಹಾಗೆಂದು ಎದ್ದು, ನಮಸ್ಕರಿಸಿ, ಹೊರಗೆ ಬಂದುಬಿಡುತ್ತಾರೆ. ವಿನಯವೇನೋ ಸರಿ. ಆದರೆ ಆ ವಿನಯದ ಬೆಲೆಯನ್ನು ಆಮೇಲೆ ವರ್ಷಗಟ್ಟಲೆ ತೆರಬೇಕಾಗಿ ಬರುವುದುಂಟು.

ಈ ಸಂಕೋಚವನ್ನು ಕಲಿಸಿದವರು ನಾವೇ. ನಾವೂ ನಮ್ಮ ಹಿರಿಯರೂ ಸರ್ಕಾರಿ ಚಾಕರಿಯನ್ನು ನೆಚ್ಚಿಕೊಂಡು ಬಂದವರು. ಅಲ್ಲಿ ಕೇಳುವುದಕ್ಕಾದರೂ ಏನಿದೆ? ವೇತನ ಶ್ರೇಣಿ, ರಜೆ, ಬಡ್ತಿ, ವರ್ಗಾವಣೆ ಎಲ್ಲವೂ ಅಧಿಸೂಚನೆಯಲ್ಲೋ ನಿಯಮಾವಳಿಯಲ್ಲೋ ಅಚ್ಚಾಗಿರುತ್ತದೆ. ಕೇಂದ್ರ ಸರ್ಕಾರದ ಗುಮಾಸ್ತ ದರ್ಜೆಯ ಹುದ್ದೆಗಳಿಗಂತೂ 2016ರ ಜನವರಿ 1ರಿಂದ ಸಂದರ್ಶನವೇ ಇಲ್ಲ. ಖಾಸಗಿ ನೌಕರಿಯಲ್ಲಿ ಹಾಗಲ್ಲ. ಅಲ್ಲಿ ಉಮೇದುವಾರನಿಗೆ ಆ ಕೊನೆಯ ಹತ್ತು ನಿಮಿಷಗಳೇ ಗೆಜೆಟ್ಟು.

ಶಂಶಾಬಾದಿನಲ್ಲಿರುವ ನಮಗೆ ಈ ವಿಷಯ ದೂರದ್ದಲ್ಲ. 2008ರ ಮಾರ್ಚಿನಲ್ಲಿ ವಿಮಾನ ನಿಲ್ದಾಣವು ಬೇಗಂಪೇಟೆಯಿಂದ ಇಲ್ಲಿಗೆ ಬಂದಿತು. ಅಂದಿನಿಂದ ‘ಏರ್‌ಪೋರ್ಟಿನಲ್ಲಿ ಕೆಲಸ’ ಎಂಬುದು ಮದುವೆಯ ಮಾತುಕತೆಯಲ್ಲೂ ತೂಕವುಳ್ಳ ಮಾತಾಗಿದೆ. ಆದರೆ ಏರ್‌ಪೋರ್ಟ್ ಎಂಬುದು ಒಬ್ಬ ಯಜಮಾನನಲ್ಲ. ಒಂದೇ ಗೇಟಿನೊಳಗೆ ವಿಮಾನ ಸಂಸ್ಥೆಗಳುಂಟು, ಸರಕು ಸಾಗಿಸುವವರುಂಟು, ಪ್ರಯಾಣಿಕರ ಸಾಮಾನು ಏರಿಸಿ ಇಳಿಸುವವರುಂಟು, ಹೋಟೆಲು, ಅಂಗಡಿ, ವಿಮಾನ ದುರಸ್ತಿಯ ಶೆಡ್ಡುಗಳುಂಟು. ಇವರಿಗೆ ಆಳು ಒದಗಿಸುವ ಗುತ್ತಿಗೆದಾರರು ಬೇರೆ. ಎದೆಯ ಮೇಲಿನ ಬಿಲ್ಲೆಯಲ್ಲಿ ದೊಡ್ಡ ಹೆಸರಿದ್ದರೂ ಸಂಬಳದ ಚೀಟಿಯಲ್ಲಿ ಯಾರೂ ಕೇಳರಿಯದ ಹೆಸರು ಇರಬಹುದು. ಗುತ್ತಿಗೆಯ ಅವಧಿ ಮುಗಿದರೆ ಬಿಲ್ಲೆಯೂ ಹೋಯಿತು. ಆದುದರಿಂದ ನಮ್ಮ ದೃಷ್ಟಿಯಲ್ಲಿ ಮೊದಲು ಕೇಳಬೇಕಾದುದು ಇದು: ‘ನನ್ನ ನೇಮಕಪತ್ರಕ್ಕೆ ಸಹಿ ಹಾಕುವ ಸಂಸ್ಥೆ ಯಾವುದು? ಈ ಹುದ್ದೆ ಕಾಯಂ ಆದುದೇ, ಇಂತಿಷ್ಟು ಅವಧಿಯದೇ?’ ಇದರಲ್ಲಿ ಅವಿನಯವೇನೂ ಇಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ನೇಮಕಪತ್ರ ಕೊಡುವುದನ್ನು ಕಡ್ಡಾಯವನ್ನಾಗಿಯೇ ಮಾಡಿವೆ. ನೌಕರಿ ಕೊಡಿಸುತ್ತೇವೆಂದು ಮುಂಗಡ ಠೇವಣಿ ಕೇಳುವ ಮೋಸಗಾರರು ಕೂಡ ಈ ಪ್ರಶ್ನೆಗೆ ನೆಟ್ಟಗೆ ಉತ್ತರ ಹೇಳಲಾರರು.

ಕೆಲಸ ಕೊಡುವವರನ್ನು ಪ್ರಶ್ನಿಸುವುದು ಈ ಕಾಲದ ಹೊಸ ಹುಡುಗರ ಚಾಳಿ ಎನ್ನುವ ಹಿರಿಯರಿಗೆ ಸರ್ ಎಂ. ವಿಶ್ವೇಶ್ವರಯ್ಯನವರನ್ನು ಜ್ಞಾಪಿಸಬೇಕು. 1908ರ ಸೆಪ್ಟೆಂಬರಿನ ಮೂಸಿ ಪ್ರವಾಹದ ತರುವಾಯ ಹೈದರಾಬಾದನ್ನು ರಕ್ಷಿಸುವ ಯೋಜನೆಗಾಗಿ ಅವರನ್ನು ಇಲ್ಲಿಗೆ ಕರೆಸಿಕೊಂಡರು. ಶಂಶಾಬಾದಿಗೆ ಬರುವಾಗ ವರ್ತುಲ ರಸ್ತೆಯಿಂದ ಕಾಣುವ ಹಿಮಾಯತ್ ಸಾಗರ, ಅದರ ಜೊತೆಯ ಉಸ್ಮಾನ್ ಸಾಗರ, ಎರಡೂ ಅವರು ಸೂಚಿಸಿದ ಯೋಜನೆಯಿಂದ ಹುಟ್ಟಿದವು. ಅವರು ಇಲ್ಲಿ ಕೆಲಸದಲ್ಲಿದ್ದಾಗಲೇ ಮೈಸೂರಿನಿಂದ ಮುಖ್ಯ ಇಂಜಿನಿಯರ್ ಹುದ್ದೆಗೆ ಆಹ್ವಾನ ಬಂದಿತು. ತಮ್ಮ ನಾಡು, ಮಹಾರಾಜರ ಸರ್ಕಾರ, ಎಂದು ಅವರು ತಕ್ಷಣ ಒಪ್ಪಲಿಲ್ಲ. ಕೈಗಾರಿಕೆ ಮತ್ತು ತಾಂತ್ರಿಕ ಶಿಕ್ಷಣಗಳಲ್ಲಿ ತಮಗೆ ಆಸಕ್ತಿಯುಂಟು, ಅವುಗಳಿಗೆ ಸರ್ಕಾರದ ಬೆಂಬಲ ದೊರೆಯುವುದೇ ಎಂದು ವಿಚಾರಿಸಿದರು. ಭರವಸೆ ದೊರೆತ ಮೇಲೆಯೇ 1909ರ ನವೆಂಬರಿನಲ್ಲಿ ಅಧಿಕಾರ ವಹಿಸಿಕೊಂಡರು. ಅವರು ಮೊದಲು ಕೇಳಿದ್ದು ಸಂಬಳವನ್ನಲ್ಲ, ಮಾಡಬಹುದಾದ ಕೆಲಸವನ್ನು ಎಂಬುದನ್ನು ಗಮನಿಸಬೇಕು.

ಇಪ್ಪತ್ತೆರಡು ವರ್ಷದ ಪದವೀಧರನು ವಿಶ್ವೇಶ್ವರಯ್ಯನಲ್ಲ, ನಿಜ. ಆದರೂ ಕೆಲಸದ ಬಗ್ಗೆ ಕೇಳುವ ಹಕ್ಕು ಅವನಿಗೂ ಉಂಟು. ‘ಈ ಹುದ್ದೆ ಹೊಸದಾಗಿ ಆದದ್ದೋ, ಹಿಂದಿನವರು ಬಿಟ್ಟದ್ದೋ?’ ಎಂದು ಕೇಳಿ ನೋಡಿ. ‘ಹಿಂದಿನವರಿಗೆ ಬಡ್ತಿಯಾಯಿತು’ ಎಂದರೆ ಒಂದು ಅರ್ಥ. ಇಬ್ಬರು ಅಧಿಕಾರಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರೆ ಮತ್ತೊಂದು ಅರ್ಥ. ‘ಮೊದಲ ಆರು ತಿಂಗಳಲ್ಲಿ ನನ್ನಿಂದ ಏನನ್ನು ನಿರೀಕ್ಷಿಸುತ್ತೀರಿ? ಕಲಿಸಿಕೊಡುವವರು ಯಾರು?’ ಎಂಬುದು ಇನ್ನೂ ಒಳ್ಳೆಯ ಪ್ರಶ್ನೆ. ಇದಕ್ಕೆ ಸ್ಪಷ್ಟವಾದ ಉತ್ತರವಿಲ್ಲದ ಕಡೆ ಕೆಲಸಕ್ಕೆ ಮಿತಿಯಿರುವುದಿಲ್ಲ, ಹೊಗಳಿಕೆಯಂತೂ ಇರುವುದೇ ಇಲ್ಲ. ‘ನಿಮ್ಮ ಕಂಪನಿ ಏನು ಮಾಡುತ್ತದೆ?’ ಎಂದು ಮಾತ್ರ ದಯವಿಟ್ಟು ಕೇಳಬೇಡಿ. ಅದನ್ನು ಮನೆಯಲ್ಲೇ ತಿಳಿದುಕೊಂಡು ಹೋಗಬೇಕು.

ಸಂಬಳದ ಮಾತನ್ನು, ಅವರು ನಿಮ್ಮನ್ನು ತೆಗೆದುಕೊಳ್ಳುವ ಇಂಗಿತ ತೋರಿದ ಮೇಲೆ ಎತ್ತುವುದು ಲೇಸು. ಆದರೆ ಎತ್ತದೆ ಇರಬಾರದು. ವರ್ಷಕ್ಕೆ ಮೂರು ಲಕ್ಷ ‘ಸಿ.ಟಿ.ಸಿ.’ ಎಂದರೆ ತಿಂಗಳಿಗೆ 25,000 ಕೈಗೆ ಬಂದೀತೆಂದು ಮನೆಯವರೆಲ್ಲ ಲೆಕ್ಕ ಹಾಕುತ್ತಾರೆ. ಗುಮಾಸ್ತರ ಲೆಕ್ಕ ಬೇರೆ. ಮೂಲ ವೇತನ ಅರ್ಧ, ಅಂದರೆ 12,500 ಎಂದಿಟ್ಟುಕೊಳ್ಳೋಣ. ಕಂಪನಿ ಕಟ್ಟುವ ಭವಿಷ್ಯನಿಧಿ ಶೇಕಡ 12ರಂತೆ 1,500. ಗ್ರಾಚ್ಯುಟಿಗೆಂದು ಶೇಕಡ 4.81ರಂತೆ ಸುಮಾರು 600. ಇವೆರಡನ್ನೂ ಆ 25,000ದೊಳಗೇ ಸೇರಿಸಿರುತ್ತಾರೆ. ನಿಮ್ಮ ಪಾಲಿನ ಭವಿಷ್ಯನಿಧಿ ಮತ್ತೆ 1,500. ಕೈಗೆ ಬರುವುದು ಸುಮಾರು 21,400; ವೃತ್ತಿ ತೆರಿಗೆ ಮುಂತಾದ ಕಡಿತಗಳು ಬೇರೆ. ಭವಿಷ್ಯನಿಧಿಯ ಹಣ ನಿಮ್ಮದೇ, ನಷ್ಟವೇನಲ್ಲ. ಆದರೆ ಮನೆ ಬಾಡಿಗೆಯನ್ನು ಅದರಿಂದ ಕೊಡಲಾಗುವುದಿಲ್ಲ. ‘ಕೈಗೆ ಬರುವುದೆಷ್ಟು?’ ಎಂದು ಸರಳವಾಗಿ ಕೇಳಿ. ಇಂತಿಷ್ಟು ವರ್ಷ ಬಿಡಬಾರದೆಂಬ ಕರಾರುಪತ್ರವುಂಟೇ, ಬಿಟ್ಟರೆ ದಂಡವೆಷ್ಟು, ಮೂಲ ಪ್ರಮಾಣಪತ್ರಗಳನ್ನು ಇಟ್ಟುಕೊಳ್ಳುತ್ತಾರೆಯೇ, ಇವನ್ನೂ ಸಹಿಗೆ ಮೊದಲೇ ತಿಳಿಯಬೇಕು.

ಪಾಳಿಯ ಕೆಲಸವಾದರೆ ಹೆಣ್ಣುಮಕ್ಕಳ ತಾಯಂದಿರಿಗೆ ನಿದ್ರೆ ಬರುವುದಿಲ್ಲ. ನಿಲ್ದಾಣದಿಂದ ನಗರದ ನಡುವಿಗೆ ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ದಾರಿ. ವಿಮಾನಗಳಿಗೆ ಹಗಲು ರಾತ್ರಿಗಳೆಂಬುದಿಲ್ಲ. ರಾತ್ರಿ ಪಾಳಿ ತಿಂಗಳಿಗೆಷ್ಟು, ವಾಹನವು ಮನೆಯ ಬಾಗಿಲಿಗೆ ಬಿಡುತ್ತದೆಯೋ ಮುಖ್ಯರಸ್ತೆಯಲ್ಲಿ ಇಳಿಸುತ್ತದೆಯೋ, ಅದಕ್ಕೆ ಸಂಬಳದಲ್ಲಿ ಹಿಡಿಯುತ್ತಾರೋ, ಇದನ್ನು ಹುಡುಗಿಯೇ ಕೇಳಬೇಕು. ರಾತ್ರಿ ಪಾಳಿಗೆ ಹೆಣ್ಣುಮಕ್ಕಳ ಒಪ್ಪಿಗೆ ಬೇಕೆಂದು ಹೊಸ ಸಂಹಿತೆಯೂ ಹೇಳುತ್ತದೆ. ತಂದೆಯವರು ಜೊತೆಗೆ ಬರಲಿ, ಬೇಡವೆನ್ನುವುದಿಲ್ಲ. ಹೊರಗೆ ಬೆಂಚಿನ ಮೇಲೆ ಕುಳಿತಿರಲಿ. ಒಳಗೆ ಬಂದು ಮಗಳ ಪರವಾಗಿ ಪ್ರಶ್ನೆ ಹಾಕಿದರೆ, ಈ ಹುಡುಗಿ ಕೌಂಟರಿನಲ್ಲಿ ನಿಂತು ಪ್ರಯಾಣಿಕರೊಡನೆ ಹೇಗೆ ಮಾತನಾಡಿಯಾಳು ಎಂದು ಅವರು ಯೋಚಿಸುವುದು ಸಹಜವೇ.

ಇಷ್ಟನ್ನೂ ಒಂದೇ ಉಸಿರಿಗೆ ಒಪ್ಪಿಸಬೇಕೆಂದಲ್ಲ. ಮೊದಲ ಭೇಟಿಯಲ್ಲಿ ಮೂರು ಪ್ರಶ್ನೆ ಸಾಕು. ಉಳಿದವನ್ನು ಮುಂದಿನ ಸುತ್ತಿಗೆ ಇಟ್ಟುಕೊಳ್ಳಬಹುದು. ಏಳುವ ಮುನ್ನ, ಫಲಿತಾಂಶವು ಯಾವ ದಿನದೊಳಗೆ, ಯಾರಿಂದ ತಿಳಿಯುವುದೆಂದು ಕೇಳಿ, ಆ ಹೆಸರನ್ನು ಅವರೆದುರಿಗೇ ಬರೆದುಕೊಳ್ಳಿ. ಮಿಕ್ಕ ಉತ್ತರಗಳನ್ನು ಪುಷ್ಪಕ್ ಬಸ್ಸು ಬರುವುದರೊಳಗೆ ನಿಲ್ದಾಣದಲ್ಲಿ ನಿಂತೇ ಗುರುತು ಹಾಕಿಕೊಂಡರೆ, ರಾತ್ರಿ ಊಟದ ಹೊತ್ತಿಗೆ ಮನೆಯವರು ಒಂದೊಂದಾಗಿ ವಿಚಾರಿಸುವಾಗ ತಡವರಿಸಬೇಕಾಗುವುದಿಲ್ಲ.